ಊದಲು

ಎಡಗಣ್ಣಿನ ಕೆಳಗೆ ಏಳು. ಬಲಗಡೆ ಎರಡೋ ಮೂರೋ,
ಬಸ್ಸಿನ ಕನ್ನಡಿ ಅದುರಿದಾಗ ಲೆಕ್ಕ ತಪ್ಪುತ್ತದೆ.
ಬಿಳಿ. ಗುಂಡಗೆ. ನೋವಿಲ್ಲ, ತುರಿಕೆಯಿಲ್ಲ,
ಕರೆಯದೆ ಬಂದು, ಚಹಾ ಕೂಡ ಕೇಳದೆ
ಕೂತೇ ಇರುವ ನೆಂಟರ ಹಾಗೆ.

ಹಿಮ ಬಿದ್ದ ಒಂದು ರಾತ್ರಿ ಹೊಲಿಗೆಸೂಜಿಯನ್ನು
ಉರಿಗೆ ಹಿಡಿದು, ಒಂದನ್ನು ಚುಚ್ಚಿ ಹಿಂಡಿದೆ.
ಕೀವಿಲ್ಲ, ನೀರಿಲ್ಲ, ಏನೂ ಬರಲಿಲ್ಲ.
ಮೊಡವೆಗಾದರೆ ಒಂದು ಬಾಯಿರುತ್ತದೆ,
ಇದಕ್ಕೆ ಬಾಯೇ ಇಲ್ಲ.
ಮಾರನೆಯ ದಿನ ಕಣ್ಣಡಿಯಲ್ಲಿ ಕೆಂಪು ಬರೆ.
ಶಾಲೆಯ ಮಕ್ಕಳು ಒಬ್ಬೊಬ್ಬರೇ ಬಸ್ಸು ಹತ್ತುತ್ತ ನೋಡಿದರು,
ಯಾರೂ ಕೇಳಲಿಲ್ಲ.
ಈ ಬೆಟ್ಟದೂರಿನ ಮಕ್ಕಳಿಗೆ ಅಷ್ಟು ಶಿಸ್ತು.

ಕುಜಿ ಪೇಟೆಯ ಚರ್ಮದ ಡಾಕ್ಟರು, ಒಯಿಕಾವಾ,
ನನ್ನ ಮಗಳ ವಾರಿಗೆಯವಳು.
ಭೂತಗನ್ನಡಿ ಹಿಡಿದು ನೋಡಿದಳು, ನಕ್ಕಳು,
ಚೀಟಿಯ ಬೆನ್ನಿಗೆ ಮೂರು ಅಕ್ಷರ ಬರೆದಳು:
ಊದಲು. ಕಾಳು. ಗಡ್ಡೆ.

ಮೂರನೆಯದಕ್ಕೆ ಅಂಗೈ ಬೆವರಿತು.
ನನ್ನ ಗಂಡನನ್ನು ಕೊಂಡೊಯ್ದದ್ದು ಅದೇ ಅಕ್ಷರ.
"ಹೆದರಬೇಡಿ, ಹೆಸರಷ್ಟೇ ದೊಡ್ಡದು," ಎಂದಳು,
"ಉದುರಬೇಕಾದ ಹಳೆಯ ಚರ್ಮ ದಾರಿ ಕಾಣದೆ
ಹೊಸ ಚರ್ಮದ ಅಡಿಯಲ್ಲೇ ಉಂಡೆಕಟ್ಟಿ ಕೂತಿದೆ.
ಅಂಟುವುದಿಲ್ಲ, ಹರಡುವುದಿಲ್ಲ, ಬೇರು ಬಿಡುವುದಿಲ್ಲ.
ತೆಗೆಸಿದರೂ ಸರಿ. ಬಿಟ್ಟರೂ ಸರಿ."

ನಾನಿನ್ನೂ ಮೊದಲನೆಯ ಅಕ್ಷರದಲ್ಲೇ ನಿಂತಿದ್ದೆ.

ಊದಲು.
ಬೇಸಿಗೆಯಲ್ಲಿ ಕಡಲ ಕಡೆಯಿಂದ ಥಂಡಿಗಾಳಿ ಎದ್ದರೆ
ಭತ್ತ ಹಾಲು ಕಟ್ಟದೆ ನೆಟ್ಟಗೆ ನಿಲ್ಲುತ್ತಿತ್ತು,
ಜೊಳ್ಳಿಗೆ ತಲೆ ಬಾಗುವ ಭಾರವೆಲ್ಲಿ?
ಊದಲೊಂದೇ ಆ ಗಾಳಿಗೆ ಜಗ್ಗದ್ದು.
ಅಜ್ಜಿ ಇಸೋ ಅದನ್ನು ಕುಟ್ಟುತ್ತಿದ್ದಳು, ಕೇರುತ್ತಿದ್ದಳು,
ಹೊಟ್ಟು ಹೋಗಲಿಲ್ಲವೆಂದು ಬೈದು ಮತ್ತೆ ಕುಟ್ಟುತ್ತಿದ್ದಳು.
ಶಾಲೆಯಲ್ಲಿ ನಾನು ಡಬ್ಬಿಯ ಮುಚ್ಚಳ ಅರ್ಧವೇ ತೆರೆದು
ಬೂದುಬಣ್ಣದ ಅನ್ನ ಪಕ್ಕದವಳಿಗೆ ಕಾಣದಂತೆ
ಗಬಗಬನೆ ನುಂಗುತ್ತಿದ್ದೆ.
ಅದು ಅಜ್ಜಿಗೆ ಹೇಗೆ ಗೊತ್ತಾಯಿತೋ.
ಒಂದು ದಿನ ಡಬ್ಬಿ ತೆರೆದರೆ ಬೆಳ್ಳಗೆ ಅಕ್ಕಿಯ ಅನ್ನ!
ಕಡ್ಡಿ ಇಳಿಸಿದೆ. ತೆಳ್ಳನೆಯದೊಂದು ಪದರ,
ಅದರಡಿಯಲ್ಲಿ ಊದಲು.

ಡಾಕ್ಟರು ಸೂಜಿ ತಂದಳು. ಇರುವೆ ಕಚ್ಚಿದಷ್ಟು.
ಬಟ್ಟೆಚೂರಿನ ಮೇಲೆ ಒಂದು ಕಾಳು ಇಳಿಯಿತು.
ಮೂಸಿದೆ, ವಾಸನೆಯಿಲ್ಲ. ಒತ್ತಿದೆ, ಗಟ್ಟಿ.
"ಉಳಿದವು?"
"ಇರಲಿ," ಎಂದೆ. ಯಾಕೆಂದು ನನಗೂ ತಿಳಿಯದು.
ಬಸ್ಸಿಗೆ ಹೊತ್ತಾಗಿದ್ದದ್ದೂ ನಿಜ.

ಹೆದ್ದಾರಿ ಬದಿಯ ಅಂಗಡಿಯಲ್ಲಿ ಈಗ ಊದಲಿಗೆ
ಅಕ್ಕಿಯ ಮೂರು ಪಟ್ಟು ಬೆಲೆ, ಪೊಟ್ಟಣಕ್ಕೆ ರಿಬ್ಬನ್ನು ಬೇರೆ.
ಅಜ್ಜಿ ಕಂಡಿದ್ದರೆ ಥೂ ಎನ್ನುತ್ತಿದ್ದಳು.
ಇಲ್ಲವೇ ಮೂಟೆ ಹೊತ್ತು ತಂದು ಮಾರಿರುತ್ತಿದ್ದಳು.

ಮೇ ತಿಂಗಳಲ್ಲಿ ಮಗಳು ಚಿಹಾಯಾ ಹೆತ್ತಳು.
ಮೂರನೆಯ ದಿನ ಅಳುತ್ತ ಫೋನು ಮಾಡಿದಳು:
"ಅಮ್ಮಾ, ಮಗುವಿನ ಮೂಗಿನ ತುಂಬ ಬಿಳಿ ಚುಕ್ಕಿ..."
"ಹಿಂಡಬೇಡ. ಎಣ್ಣೆ ಗಿಣ್ಣೆ ಹಚ್ಚಬೇಡ.
ಬೆಚ್ಚನೆಯ ನೀರು ಸಾಕು. ಕೆಲವು ವಾರ ಇದ್ದು
ತಾವಾಗಿಯೇ ಹೋಗುತ್ತವೆ," ಎಂದೆ, ಡಾಕ್ಟರ ದನಿಯಲ್ಲಿ.
ಫೋನಿಟ್ಟ ಮೇಲೆ ಹೊಳೆಯಿತು:
ಹೋಗುವ ಮುಂಚೆ ಒಮ್ಮೆ ನೋಡಿಬರಬೇಕು.

ಇವತ್ತು ಬೆಳಿಗ್ಗೆ ಕಡೆಯ ನಿಲ್ದಾಣದ ಹುಡುಗ,
ಒಂದನೇ ಕ್ಲಾಸು, ಶಿಸ್ತು ಇನ್ನೂ ಹತ್ತದವನು,
ಮೆಟ್ಟಿಲ ಮೇಲೇ ನಿಂತು ಬೆರಳು ತೋರಿಸಿದ:
"ಅದೇನು?"
"ಊದಲು," ಎಂದೆ.
ಯೋಚಿಸಿದ. "ಮಳೆ ಬಂದರೆ ಮೊಳೆಯುತ್ತಾ?"
"ಕೂತ್ಕೋ," ಎಂದೆ, ಗೇರು ಬದಲಿಸುತ್ತ.
ಕನ್ನಡಿಯಲ್ಲಿ ಅವನು ನನ್ನನ್ನೇ ನೋಡುತ್ತಿದ್ದ,
ಮೂರು ತಿರುವು ದಾಟುವವರೆಗೂ.